ಕುಕ್ಕೂ ಲಾಗ್: ಬಾಲದ ಪಟ್ಟಿ ಕೊನೆಗೂ ಸಿಕ್ಕಿತು

ಕಾಮನ್ ಕುಕ್ಕೂ, ಇಂಡಿಯನ್ ಕುಕ್ಕೂ ಅಂತ ನೋಡಲು ಒಂದೇ ಥರ ಇರುವ ಎರಡು ಹಕ್ಕಿಗಳಿವೆ. ಯಾವುದು ಯಾವುದೆಂದು ಗೊತ್ತಾಗದ ಫೋಟೊಗಳನ್ನು ಹಾಕಿಡುವ ‘ಯಾವ ಕುಕ್ಕೂ?’ ಅನ್ನೋ ಫೋಲ್ಡರ್ ಈಗ ಅರ್ಧ ಖಾಲಿ. ತುಂಬಾ ಖುಷಿಯಾಗಿದೆ, ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ.

ಕೂಗುವ ಗಂಡು ಸಿಕ್ಕರೆ ತಲೆನೋವೇ ಇಲ್ಲ. ಎರಡು ಸ್ವರ ಇದ್ದರೆ ಕಾಮನ್ ಕುಕ್ಕೂ, ನಾಲ್ಕು ಇದ್ದರೆ ಇಂಡಿಯನ್ ಕುಕ್ಕೂ. ಸಮಸ್ಯೆ ಇರುವುದು ಸುಮ್ನೆ ಕೂತಿರುವ ಹಕ್ಕಿಯದು. ಮೊಟ್ಟೆ ಇಡುವ ಕಾಲ ಮುಗಿದ ಮೇಲೆ ಇವು ಬಾಯಿ ಬಿಡುವುದೇ ಅಪರೂಪ. ಗಾತ್ರವೂ ಸಹಾಯಕ್ಕೆ ಬರಲ್ಲ, ಎರಡೂ 33 ಸೆಂ.ಮೀ. ಆಸುಪಾಸು.

ಕಣ್ಣು ನೋಡಿದರೆ ಸಾಕು ಅನ್ನುವವರು ಜಾಸ್ತಿ. ಬೆಳೆದ ಕಾಮನ್ ಕುಕ್ಕೂ ಕಣ್ಣು ಹಳದಿ, ಇಂಡಿಯನ್ ಕುಕ್ಕೂದು ಕಂದು. ನಿಜ. ಆದರೆ ಕಣ್ಣಿನ ಸುತ್ತ ಹಳದಿ ಬಳೆ ಇರುತ್ತದಲ್ವಾ? ದೂರದ ಫೋಟೊದಲ್ಲಿ ಆ ಬಳೆಯೇ ಕಣ್ಣಿನ ಬಣ್ಣದ ಹಾಗೆ ಕಾಣುತ್ತದೆ. ನೆರಳಿದ್ದರೆ ಹಳದಿ ಕಣ್ಣೂ ಕಪ್ಪೇ. ಸಾಲದ್ದಕ್ಕೆ ಕಾಮನ್ ಕುಕ್ಕೂ ಮರಿಗಳಿಗೂ ಕಂದು ಕಣ್ಣು. ಹೊಟ್ಟೆಯ ಗೆರೆಗಳು ಇಂಡಿಯನ್‌ನಲ್ಲಿ ದಪ್ಪ, ನಡುವೆ ಜಾಗವೂ ಹೆಚ್ಚು. ಆದರೆ ಹಕ್ಕಿ ಗರಿ ಉಬ್ಬಿಸಿ ಕೂತರೆ ಆ ಅಂತರವೂ ಬದಲಾಗುತ್ತದೆ.

ಉಳಿದದ್ದು ಬಾಲ. ಇಂಡಿಯನ್ ಕುಕ್ಕೂ ಬಾಲದ ತುದಿಗೆ ಸ್ವಲ್ಪ ಮೊದಲು ಅಗಲವಾದ ಕಪ್ಪು ಪಟ್ಟಿ, ಆಮೇಲೆ ತೆಳು ಬಿಳಿ ಅಂಚು. ಕಾಮನ್ ಕುಕ್ಕೂಗೆ ಆ ಪಟ್ಟಿ ಇಲ್ಲ, ಕಡು ಬೂದು ಬಾಲದ ಮೇಲೆ ಬಿಳಿ ಚುಕ್ಕೆ ಅಷ್ಟೇ. ಓದುವಾಗ ಸುಲಭ. ಆದರೆ ಬೆಳ್ಳಗಿನ ಆಕಾಶದ ಎದುರು, ಕೆಳಗಿನಿಂದ, ಮುಚ್ಚಿದ ಬಾಲದ ಫೋಟೊ ತೆಗೆದರೆ ಎಲ್ಲವೂ ಒಂದೇ ಕಪ್ಪು.

ದಾರಿ ಸಿಕ್ಕಿದ್ದು ಇಲ್ಲಿ: ಕೂತ ಹಕ್ಕಿಯನ್ನು ಬಿಟ್ಟು, ಬಂದು ಕೂರುತ್ತಿರುವ ಹಕ್ಕಿಯ ಫೋಟೊ ತೆಗೆಯಬೇಕು. ಕೊಂಬೆಗೆ ಇಳಿಯುವಾಗ ವೇಗ ತಗ್ಗಿಸಲು ಬಾಲವನ್ನು ಬೀಸಣಿಗೆ ಥರ ಬಿಚ್ಚುತ್ತದೆ. ಶಟರ್ 1/2000 ಸೆಕೆಂಡ್, ಬರ್ಸ್ಟ್ (ಒಂದರ ಹಿಂದೊಂದು ಸರಸರ ಫೋಟೊ), ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೊ), ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲೆ, ಅಂದರೆ ಎರಡು ಪಟ್ಟು ಬೆಳಕು. ಆಮೇಲೆ ಫೋಟೊದ ನೆರಳಿನ ಭಾಗವನ್ನು ಬೆಳಗಿಸಿದಾಗ ಇಂಡಿಯನ್ ಕುಕ್ಕೂ ಬಾಲದ ಪಟ್ಟಿ ಗೆರೆ ಎಳೆದ ಹಾಗೆ ಎದ್ದು ಬಂತು! ಬೆನ್ನೂ ಜೊತೆಗೆ ಸಾಕ್ಷಿ ಹೇಳಿತು: ಬೂದು ತಲೆಗಿಂತ ಬೆನ್ನು, ರೆಕ್ಕೆ ಕಂದು. ಕಾಮನ್‌ನಲ್ಲಿ ತಲೆಯಿಂದ ಬೆನ್ನಿನವರೆಗೂ ಒಂದೇ ಬೂದು.

ಇದು ಇನ್ನೂ ಬೇಗ ಆಗಬೇಕಿತ್ತು. ಜಿಂಬಲ್ ಹೆಡ್‌ಗೆ (ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸಲು ಸ್ಟ್ಯಾಂಡ್ ಮೇಲೆ ಹಾಕುವ ತಲೆ) ಲೆನ್ಸ್ ಕೂರಿಸಲು ತರಿಸಿದ ಪ್ಲೇಟ್ ಕಚ್ಚಿ ಕೂರಲ್ಲ. ಬದಲಿ ಕೇಳಿದರೆ ಅಂಗಡಿಯವರು ಅದೇ ಅಳತೆಯ ಇನ್ನೊಂದನ್ನು ಕಳಿಸಿದರು. ಅಳತೆ ಬರೆದು ಕೊಟ್ಟರೂ ಓದದವರ ಹತ್ತಿರ ಏನು ಮಾತಾಡೋದು?

ಇಟ್ಟಿಗೆ ಬಣ್ಣದ ಹೆಣ್ಣು ಸಿಕ್ಕರೆ ಇಂಡಿಯನ್ ಅನ್ನು ಅಲ್ಲೇ ಕೈಬಿಡಿ. ಆ ರೂಪ ಕಾಮನ್ ಕುಕ್ಕೂಗೆ ಇದೆ, ಇಂಡಿಯನ್‌ಗೆ ಇಲ್ಲ. ಕಂದು ಕಣ್ಣಿನ ತೀರಾ ಚಿಕ್ಕ ಹಕ್ಕಿಯಾದರೆ ಲೆಸ್ಸರ್ ಕುಕ್ಕೂ ಇರಬಹುದು, ಅದನ್ನೂ ಮರೆಯಬೇಡಿ.

ಮುಂದಿನ ಕೆಲಸ ಹೆಣ್ಣುಗಳ ದನಿ. ಎರಡು ಜಾತಿಯ ಹೆಣ್ಣುಗಳೂ ಗುಳುಗುಳು ಅಂತ ಕೂಗುತ್ತವೆ. ಸೋನೋಗ್ರಾಮ್‌ನಲ್ಲಿ (ದನಿಯನ್ನು ಚಿತ್ರವಾಗಿ ತೋರಿಸುವ ನಕ್ಷೆ) ಅಕ್ಕಪಕ್ಕ ಇಟ್ಟು ನೋಡಬೇಕು. ನಿಮ್ಮ ಬಳಿ ರೆಕಾರ್ಡಿಂಗ್ ಇದ್ದರೆ ದಯವಿಟ್ಟು ಕೊಡಿ. ವೇವ್ ಫೈಲೇ ಆಗಲಿ, ಎಂಪಿ3ಯಲ್ಲಿ ಸೂಕ್ಷ್ಮ ವಿವರ ಹೋಗಿಬಿಡುತ್ತದೆ.