ಡ್ರಮ್ಸ್ ರೆಕಾರ್ಡಿಂಗ್, ಮೂರನೇ ವಾರ: ಅಳತೆಗೆ ಸಿಕ್ಕಿದ ಒಂದು ದಾರ

ಮಡಿಕೇರಿ, ಕಕ್ಕಡ ತಿಂಗಳ ಮಳೆ. ಹೋದ ವಾರ ಡ್ರಮ್ ಕಿಟ್‌ಗೆ ಎಂಟು ಮೈಕ್ ಇಟ್ಟಿದ್ದೆ. ಒಂದೊಂದನ್ನೇ ಕೇಳಿದರೆ ಎಲ್ಲವೂ ಚೆನ್ನಾಗಿತ್ತು. ಒಟ್ಟಿಗೆ ಕೇಳಿದರೆ ಸ್ನೇರ್ (ಚಟಪಟ ಸದ್ದಿನ ನಡುವಿನ ಡ್ರಮ್) ಮಾತ್ರ ಖಾಲಿ ಡಬ್ಬಿಯ ಹಾಗಿತ್ತು. ಎರಡು ದಿನ ಇಕ್ಯೂ, ಅಂದರೆ ಸದ್ದಿನ ಬೇರೆ ಬೇರೆ ಸ್ವರಮಟ್ಟಗಳನ್ನು ಹೆಚ್ಚು ಕಡಿಮೆ ಮಾಡುವ ಗುಬ್ಬಿಗಳನ್ನು ತಿರುಗಿಸುತ್ತಾ ಕೂತೆ. ಏನೂ ಆಗಲಿಲ್ಲ.

ಬುಧವಾರ ಮೇಷ್ಟ್ರು ಬಂದು, ಕಿಟ್‌ನ ಮೇಲಿನಿಂದ ಕೇಳುವ ಓವರ್‌ಹೆಡ್ ಮೈಕ್‌ಗಳ ಬಗ್ಗೆ ಕೇಳಿದರು. “ಓವರ್‌ಹೆಡ್ ಎರಡೂ ಸ್ನೇರ್‌ನಿಂದ ಎಷ್ಟೆಷ್ಟು ದೂರ ಇವೆ, ಅಳೆದಿದ್ದೀಯಾ?” ಅಳೆದಿರಲಿಲ್ಲ. ಟೇಪ್ ಹಿಡಿದರೆ ಎಡದ್ದು 90 ಸೆಂಟಿಮೀಟರ್, ಬಲದ್ದು 124. ವ್ಯತ್ಯಾಸ 34.

ನಮ್ಮೂರಿನ ಮಳೆಗಾಲದ 20 ಡಿಗ್ರಿ ಚಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ 34 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದ ಸದ್ದನ್ನು ಮೊದಲು ಬಂದದ್ದರ ಜೊತೆ ಸೇರಿಸಿದರೆ, 500 ಹರ್ಟ್ಸ್‌ನಲ್ಲಿ ಒಂದರ ಏರು ಇನ್ನೊಂದರ ಇಳಿತದ ಮೇಲೆ ಕೂರುತ್ತದೆ. ಎರಡೂ ಅಳಿಸಿಹೋಗುತ್ತವೆ. 1500, 2500ರಲ್ಲೂ ಹಾಗೇ. ಅಳಿಸಿಹೋದ ಸದ್ದನ್ನು ಇಕ್ಯೂ ಎಲ್ಲಿಂದ ತರಬೇಕು, ಅಲ್ವಾ?

ಆಮೇಲೆ ದಾರ ತಂದೆ. ಒಂದು ತುದಿಯನ್ನು ಡ್ರಮ್ಮರ್ ಅಣ್ಣ ಸ್ನೇರ್ ನಡುವೆ ಒತ್ತಿ ಹಿಡಿದರು. ಇನ್ನೊಂದು ತುದಿ ಮುಟ್ಟುವ ಕಡೆ ಮೈಕ್ ನಿಲ್ಲಿಸಿದೆ. ಒಂದು ಸ್ನೇರ್‌ನ ನೇರ ಮೇಲೆ, ಇನ್ನೊಂದು ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ ಫ್ಲೋರ್ ಟಾಮ್ ಪಕ್ಕದಿಂದ, ಜೋಡಿ ತಟ್ಟೆಯ ಹೈ-ಹ್ಯಾಟ್ ಕಡೆ ನೋಡುವ ಹಾಗೆ. ಎರಡೂ ಸರಿಯಾಗಿ ಒಂದು ಮೀಟರ್. ಇಂಗ್ಲೆಂಡಿನ ಸೌಂಡ್ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನ ಇದು. ಇವೆರಡರ ಜೊತೆಗೆ ಕಾಲಿನಿಂದ ಬಾರಿಸುವ ಕಿಕ್‌ಗೆ ಒಂದು, ಸ್ನೇರ್‌ನ ಮೇಲೆ ಒಂದು, ಕೆಳಗೆ ಒಂದು. ಒಟ್ಟು ಐದೇ ಮೈಕ್. ಕೋಲು ಬಿದ್ದಾಗ ಮೇಲಿನ ಹೊದಿಕೆ ಮೈಕ್‌ನಿಂದ ದೂರ ಹೋಗುತ್ತದೆ, ಕೆಳಗಿನದು ಅದರ ಮೈಕ್ ಹತ್ತಿರ ಬರುತ್ತದೆ. ಅದಕ್ಕೆ ಕೆಳಗಿನ ಮೈಕ್‌ನ ಪೊಲಾರಿಟಿ ತಿರುಗಿಸಿದೆ, ಅಂದರೆ ಅದರ ಅಲೆಯ ಏರನ್ನು ಇಳಿತ ಮಾಡಿದೆ. ಸ್ನೇರ್ ತುಂಬಿಕೊಂಡು ಬಂತು. ಆ ಕ್ಷಣ ಮರೆಯಲಾರೆ.

ಶೀಟಿನ ಮಾಡಿನ ಮೇಲೆ ಬೀಳುವ ಮಳೆ ಇನ್ನೊಂದು ಸಮಸ್ಯೆ. ಡ್ರಮ್ ಜೋರಾಗಿ ಬಾರಿಸುವಾಗ ಗೊತ್ತಾಗುವುದಿಲ್ಲ. ಸಿಂಬಲ್ ಸದ್ದು ಆರುವಾಗ ಮಳೆ ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಹೊಳವಾಯಿತು, ಆಗಲೇ ಮೂರು ಟೇಕ್ ಮುಗಿಸಿದೆವು.

ಶನಿವಾರ ಪಕ್ಕದ ಮನೆಯ ಅಜ್ಜ ದುಡಿ ತಂದರು, ಹಗ್ಗ ಬಿಗಿದ, ಕೊಡವರ ಪುಟ್ಟ ವಾದ್ಯ. ಕಿಟ್‌ನ ಪ್ಲಾಸ್ಟಿಕ್ ಹೊದಿಕೆಗೆ ಈ ಥಂಡಿ ಲೆಕ್ಕಕ್ಕಿಲ್ಲ. ದುಡಿಯದು ಚರ್ಮ, ಜೋಲು ಬಿದ್ದಿತ್ತು. ಅಜ್ಜ ಒಲೆಯ ಹತ್ತಿರ ಹಿಡಿದು ಕಾಯಿಸಿದರು. ಮೈಕ್ ತೀರಾ ಹತ್ತಿರ ಇಟ್ಟಾಗ ಕೋಲಿನ ಟಕ್ ಮಾತ್ರ ಬಂತು. ಎರಡು ಅಡಿ ಹಿಂದೆ ಸರಿಸಿದೆ. ಆಗ ಹಗ್ಗ ಅದುಮಿದಾಗ ಸ್ವರ ಮೇಲೇರುವುದು ಸ್ಪಷ್ಟವಾಗಿ ಕೇಳಿತು.

“ಅಜ್ಜ, ಹಾಡದೆ ಸುಮ್ನೆ ಬಾರಿಸ್ತೀರಾ?” ಅಂತ ಕೇಳಿದೆ.

“ಪಾಟ್ ಇಲ್ಲದೆ ದುಡಿಯಾ?” ಎಂದರು. ಪ್ರಯತ್ನಿಸಿದರು. ಲಯ ತಪ್ಪಿತು.

ಅವರು ಹೇಳಿದ್ದೇ ಸರಿ. ದನಿಯನ್ನೂ ದುಡಿಯನ್ನೂ ಬೇರೆ ಮಾಡುವ ಯೋಚನೆ ಬಿಟ್ಟೆ. ಮುಂದಿನ ವಾರ ಅಜ್ಜ ಇನ್ನೂ ಮೂವರನ್ನು ಕರೆತರುತ್ತಾರೆ. ನಾಲ್ವರನ್ನೂ ಒಟ್ಟಿಗೆ ಕೂರಿಸಿ ನಡುವೆ ಎರಡೇ ಮೈಕ್ ಇಡುತ್ತೇನೆ. ದಾರ ಜೇಬಿನಲ್ಲೇ ಇದೆ.