ಬ್ಲೈನಾವನ್‌ಗೆ ಹೋದರೆ ಗಣಿ ಒಂದನ್ನೇ ನೋಡಿ ವಾಪಸ್ ಬರಬೇಡಿ

ದಕ್ಷಿಣ ವೇಲ್ಸ್‌ನ ಬ್ಲೈನಾವನ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಬಿಗ್ ಪಿಟ್ ಕಲ್ಲಿದ್ದಲು ಗಣಿಗೆ ಇಳಿದು, ಮೇಲೆ ಬಂದು ಒಂದೆರಡು ಫೋಟೋ ತೆಗೆದು, ಕಾರು ಹತ್ತಿ ಕಾರ್ಡಿಫ್‌ಗೋ ಬ್ರಿಸ್ಟಲ್‌ಗೋ ಹೊರಟುಬಿಡುತ್ತಾರೆ. ಗಣಿ ಚೆನ್ನಾಗಿದೆ, ಬಿಡಬೇಡಿ. ಆದರೆ ಊರೊಳಗೆ ಹೈ ಸ್ಟ್ರೀಟ್‌ನಲ್ಲಿ ವರ್ಕ್‌ಮೆನ್ಸ್ ಹಾಲ್ ಅಂತ, ಅಂದರೆ ಕೆಲಸಗಾರರ ಸಭಾಭವನ ಅಂತ ಒಂದು ಕಟ್ಟಡ ಇದೆ. ಅದನ್ನು ನೋಡದೆ ಬಂದರೆ ಆ ಊರು ಅರ್ಧ ಮಾತ್ರ ನೋಡಿದ ಹಾಗೆ.

ಮೊದಲು ಹೋಗುವ ದಾರಿ. ಊರಿಗೆ ಈಗ ಮಾಮೂಲಿ ರೈಲು ಇಲ್ಲ. ಪ್ರವಾಸಿಗರಿಗಾಗಿ ಓಡುವ ಹಳೆಯ ಉಗಿಬಂಡಿ ಇದೆ, ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಕಾರ್ಡಿಫ್ ಕಡೆಯಿಂದಾಗಲಿ ಲಂಡನ್ ಕಡೆಯಿಂದಾಗಲಿ ನ್ಯೂಪೋರ್ಟ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಎಕ್ಸ್24 ಬಸ್ ಹಿಡಿಯಿರಿ. ಕುಮ್‌ಬ್ರಾನ್, ಪಾಂಟಿಪೂಲ್ ಸುತ್ತಿಕೊಂಡು ಊರೊಳಗೇ ಬರುತ್ತದೆ. ಭಾನುವಾರ ಬಸ್ಸು ಕಡಿಮೆ. ಬ್ರಿಸ್ಟಲ್‌ನಿಂದ ಕಾರಿನಲ್ಲಿ ಬರುವವರಿಗೆ ಸೆವರ್ನ್ ಸೇತುವೆಯ ಟೋಲ್ 2018ರ ಕೊನೆಯಲ್ಲೇ ಹೋಗಿದೆ, ಒಂದು ಖರ್ಚು ಉಳಿಯಿತು.

ಬೆಳಿಗ್ಗೆಯೇ ಗಣಿ ಮುಗಿಸಿ. ಊರಿಂದ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ಏರು ದಾರಿ. 1980ರಲ್ಲಿ ಮುಚ್ಚಿದ ಗಣಿ ಇದು, 1983ರಲ್ಲಿ ಜನರಿಗೆ ನೋಡಲು ತೆರೆದರು. ಗಣಿ ಕೆಲಸಗಾರರು ಬಳಸುತ್ತಿದ್ದ ಪಂಜರದ ಲಿಫ್ಟ್‌ನಲ್ಲೇ 90 ಮೀಟರ್ ಕೆಳಗೆ ಕರೆದುಕೊಂಡು ಹೋಗುತ್ತಾರೆ. ಮೊಬೈಲು, ವಾಚು, ಬ್ಯಾಟರಿ ಇರುವ ಕಾರಿನ ಕೀ ಎಲ್ಲಾ ಮೇಲೇ ಕೊಟ್ಟು ಹೋಗಬೇಕು, ಹಾಗಾಗಿ ಕೆಳಗೆ ಸೆಲ್ಫಿ ಆಸೆ ಬಿಡಿ. ಒಂದು ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳನ್ನು ಬಿಡುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದು ಅವರಿಗೆ ಮಂಡಿನೋವು ಇದ್ದರೆ ಯೋಚನೆ ಮಾಡಿ, ಕೆಲವು ಕಡೆ ಬಗ್ಗಿಕೊಂಡೇ ನಡೆಯಬೇಕು. ಮ್ಯೂಸಿಯಂ ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ಗಣಿಯೊಳಗೆ ಇಳಿಯುವುದಕ್ಕೆ ಶುಲ್ಕ ಮತ್ತು ಬುಕಿಂಗ್ ಹೇಗಿದೆ ಅಂತ ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಅಲ್ಲಿಂದ ಊರಿಗೆ ಇಳಿದು ಮೊದಲು ಕಬ್ಬಿಣದ ಕಾರ್ಖಾನೆಗೆ ಹೋಗಿ, ಆಮೇಲೆ ಚರ್ಚು, ಕೊನೆಗೆ ಹಾಲ್. ಈ ಕ್ರಮ ಸುಮ್ನೆ ಹೇಳುತ್ತಿಲ್ಲ. ಕಾರ್ಖಾನೆ ಶುರುವಾದದ್ದು 1789ರಲ್ಲಿ, ಹಿಲ್, ಹಾಪ್ಕಿನ್ಸ್, ಪ್ರ್ಯಾಟ್ ಎಂಬ ಮೂವರ ಬಂಡವಾಳದಲ್ಲಿ. ಕುಲುಮೆಗಳ ಪಕ್ಕದಲ್ಲೇ ಕೆಲಸಗಾರರಿಗೆ ಕಂಪನಿ ಕಟ್ಟಿಕೊಟ್ಟ ಪುಟ್ಟ ಮನೆಗಳಿವೆ, ಒಳಗೆ ಹೋಗಿ ನೋಡಬಹುದು. ದಿನಸಿ ಕೊಳ್ಳಲು ಕಂಪನಿಯದೇ ಅಂಗಡಿ. 1804ರ ಸೇಂಟ್ ಪೀಟರ್ಸ್ ಚರ್ಚನ್ನು ಕಟ್ಟಿಸಿದವರೂ ಕಾರ್ಖಾನೆಯ ಮಾಲೀಕರೇ. ಒಳಗೆ ದೀಕ್ಷಾಸ್ನಾನದ ತೊಟ್ಟಿ ಕೂಡ ಕಬ್ಬಿಣದ್ದು! ಪಕ್ಕದ ಶಾಲೆ 1816ರದು, ಅದು ಹಾಪ್ಕಿನ್ಸ್ ಮನೆತನದ ಸಾರಾ ಅವರು ತಮ್ಮ ಸಹೋದರನ ನೆನಪಿಗೆ ಕಟ್ಟಿಸಿದ್ದು. ಈಗ ಅಲ್ಲಿ ವಿಶ್ವ ಪರಂಪರೆ ಕೇಂದ್ರ ಇದೆ. ಅಂದರೆ ದುಡಿಯುವ ಜಾಗ, ಮಲಗುವ ಮನೆ, ಬ್ರೆಡ್ಡು ಬೆಣ್ಣೆ ಕೊಳ್ಳುವ ಅಂಗಡಿ, ಕೈ ಮುಗಿಯುವ ಚರ್ಚು, ಮಕ್ಕಳ ಶಾಲೆ, ಎಲ್ಲದರ ಹಿಂದೆಯೂ ಧಣಿಗಳ ಕೈ.

ಇದೆಲ್ಲಾ ನೋಡಿಕೊಂಡು ಹಾಲ್ ಮುಂದೆ ನಿಂತರೆ ಅದರ ಬೆಲೆ ಗೊತ್ತಾಗುತ್ತದೆ. ಸಾಲುಮನೆಗಳ ನಡುವೆ ಎದ್ದು ಕಾಣುವ ದೊಡ್ಡ ಕಲ್ಲಿನ ಕಟ್ಟಡ, 1895ರಲ್ಲಿ ತೆರೆದದ್ದು. ಇದನ್ನು ಕಟ್ಟಿಸಿಕೊಂಡವರು ಕೆಲಸಗಾರರೇ. ಗಣಿಯವರು, ಕಾರ್ಖಾನೆಯವರು ವಾರದ ಕೂಲಿಯಲ್ಲಿ ಅರ್ಧ ಪೆನ್ನಿ ಹಿಡಿಸಿಕೊಂಡು ದುಡ್ಡು ಕೂಡಿಸಿದರು. ಖರ್ಚಾದದ್ದು ಸುಮಾರು 10,000 ಪೌಂಡ್. ಆಗ ಒಂದು ಪೌಂಡ್‌ಗೆ 240 ಪೆನ್ನಿ, ಹಾಗಾದರೆ 48 ಲಕ್ಷ ಅರ್ಧ ಪೆನ್ನಿ ಆಯಿತಲ್ಲ. ಒಬ್ಬ ಮನುಷ್ಯ ವಾರ ವಾರವೂ ವರ್ಷವಿಡೀ ಕೊಟ್ಟರೂ 26 ಪೆನ್ನಿ ದಾಟುವುದಿಲ್ಲ. ಆ ದುಡ್ಡಲ್ಲಿ ಸಭಾಂಗಣ, ಲೈಬ್ರರಿ, ಪೇಪರ್ ಓದುವ ಕೋಣೆ, ಬಿಲಿಯರ್ಡ್ಸ್ ಆಡುವ ಕೋಣೆ ಎಲ್ಲಾ ಮಾಡಿಕೊಂಡರು.

ಇದು ಬ್ಲೈನಾವನ್ ಒಂದರ ಕಥೆಯಲ್ಲ. ದಕ್ಷಿಣ ವೇಲ್ಸ್‌ನ ಗಣಿ ಕಣಿವೆಗಳಲ್ಲಿ ಊರೂರಿಗೂ ಇಂಥ ಹಾಲ್ ಇದ್ದವು. ಬ್ರಿಟನ್ನಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅನ್ನು 1948ರಲ್ಲಿ ಶುರುಮಾಡಿದ ಮಂತ್ರಿ ಅನೈರಿನ್ ಬೆವನ್ ಗಣಿ ಕೆಲಸಕ್ಕೆ ಹೋಗುತ್ತಲೇ ಪುಸ್ತಕ ಓದಿದ್ದು ಟ್ರೆಡಿಗರ್‌ನ ಇಂಥದೇ ಕಾರ್ಮಿಕರ ಲೈಬ್ರರಿಯಲ್ಲಿ. ಆಮೇಲೆ ಗಣಿಗಳು ಮುಚ್ಚಿದವು, ಚಂದಾ ಕೊಡುವವರೇ ಇಲ್ಲವಾದರು, ಎಷ್ಟೋ ಹಾಲ್‌ಗಳು ಬೀಗ ಹಾಕಿ ನೆಲಸಮವಾದವು. ಬ್ಲೈನಾವನ್‌ನದು ಉಳಿದಿದೆ, ಅಲ್ಲಿ ಈಗಲೂ ಸಿನಿಮಾ, ಕಾರ್ಯಕ್ರಮ ನಡೆಯುತ್ತವೆ.

ಇಲ್ಲಿ ಒಂದು ವಿಷಯ ನೆನಪಿಡಿ: ಹಾಲ್ ಮ್ಯೂಸಿಯಂ ಅಲ್ಲ. ಹಗಲಲ್ಲಿ ಹೋಗಿ ಬಾಗಿಲು ತಟ್ಟಿದರೆ ತೆರೆಯುತ್ತಾರೆ ಅಂತ ಇಟ್ಟುಕೊಳ್ಳಬೇಡಿ. ಯಾವ ದಿನ ಏನಿದೆ ಅಂತ ನೋಡಿ ಅದಕ್ಕೊಂದು ಟಿಕೆಟ್ ತೆಗೆದುಕೊಳ್ಳುವುದೇ ಒಳಗೆ ಕೂರುವ ಸುಲಭದ ದಾರಿ. ದಿನ ಹೊಂದಲಿಲ್ಲವೇ, ಕಾರ್ಡಿಫ್ ಪಕ್ಕದ ಸೇಂಟ್ ಫೇಗನ್ಸ್ ಮ್ಯೂಸಿಯಂಗೆ ಹೋಗಿ. ಓಕ್‌ಡೇಲ್ ಎಂಬ ಗಣಿ ಊರಿನ ಕಾರ್ಮಿಕರ ಇಂಥದೇ 1917ರ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ, ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಅಲ್ಲಿ ಅದು ಊರು ಬಿಟ್ಟು ಬಂದ ಕಟ್ಟಡ ಅನ್ನುವುದು ಬೇರೆ ಮಾತು.

ಊಟಕ್ಕೆ ಸಸ್ಯಾಹಾರಿಗಳು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬೇಯಿಸಿದ ಆಲೂಗಡ್ಡೆ, ಚೀಸು, ಬೀನ್ಸ್ ಸಿಗಬಹುದು. ವೆಲ್ಶ್ ಕೇಕ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಕೇಳಿ ತಿನ್ನಿ. ಬೇಸಿಗೆಯಲ್ಲೂ ಮಳೆ ಕೋಟು ಬೇಕು. ಗುಡ್ಡದ ಮೇಲಿನ ಊರು, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ರಾತ್ರಿ ಸಿನಿಮಾ ನೋಡುವ ಯೋಚನೆ ಇದ್ದರೆ ಕೊನೆಯ ಬಸ್ ಎಷ್ಟಕ್ಕೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ಇಲ್ಲವಾದರೆ ಅಬರ್ಗವೆನಿಯಲ್ಲಿ ರೂಮ್ ಮಾಡಿಕೊಂಡು ಕಾರಿನಲ್ಲಿ ಬನ್ನಿ, ಹತ್ತಿರವೇ ಇದೆ.