ಅರವತ್ತಾರರಿಂದ ಆರಕ್ಕೆ

ಹಗಲೆಲ್ಲ ಮುಂಬಯಿಯ ಫೋರ್ಟ್ ಭಾಗದ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆದು, ಸಂಜೆ ಕೈಯ ಸಾಬೂನಿನ ವಾಸನೆ ಹೋಗುವ ಮೊದಲೇ ನಮ್ಮ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದ ನನಗೆ, ಗಲ್ಲೆಯ ಕೂಡು ಕಳೆಯುವಿಕೆಯಾಚೆಗೂ ಗಣಿತವಿದೆಯೆಂದು ತೋರಿಸಿಕೊಟ್ಟವರು ನಮ್ಮ ಗಣಿತದ ಮಾಸ್ತರರು. ಅವರೂ ಹಗಲು ಕಚೇರಿಯಲ್ಲಿ ದುಡಿದೇ ಪಾಠಕ್ಕೆ ಬರುತ್ತಿದ್ದರು.

“ಮೂವತ್ತಾರು ಲೋಟಗಳನ್ನು ಸಮ ಸಾಲುಗಳಲ್ಲಿ ಎಷ್ಟು ಬಗೆಯಾಗಿ ಇಡಬಹುದು, ಹೇಳು ಮಾರಾಯ” ಎಂದು ಅವರು ಒಮ್ಮೆ ನನ್ನನ್ನೇ ಕೇಳಿದರು. ಒಂದಕ್ಕೆ ಮೂವತ್ತಾರು, ಎರಡಕ್ಕೆ ಹದಿನೆಂಟು, ಮೂರಕ್ಕೆ ಹನ್ನೆರಡು, ನಾಲ್ಕಕ್ಕೆ ಒಂಬತ್ತು ಎಂದು ಅಪವರ್ತನಗಳು ಜೋಡಿಯಾಗುತ್ತ ಬಂದವು. ಆರು ಮಾತ್ರ ತನಗೆ ತಾನೇ ಜೋಡಿಯಾಯಿತು. ಪೂರ್ಣ ವರ್ಗ ಸಂಖ್ಯೆಗಳಿಗೆ ಮಾತ್ರ ಅಪವರ್ತನಗಳ ಎಣಿಕೆ ಬೆಸವಾಗಿರುವುದು ಏಕೆಂದು ನನಗೆ ಅಂದೇ ತಿಳಿಯಿತು.

ಮರುವಾರ ಅವರು ಒಗಟೊಂದನ್ನು ಕೊಟ್ಟರು: ನಾಲ್ಕಂಕಿಯ ಟ್ಯಾಕ್ಸಿ ನಂಬರು, ಮೊದಲೆರಡು ಅಂಕಿಗಳು ಒಂದೇ, ಕೊನೆಯ ಎರಡೂ ಒಂದೇ, ಇಡೀ ಸಂಖ್ಯೆ ಪೂರ್ಣ ವರ್ಗ. ಅಂಥ ಸಂಖ್ಯೆಯ ವರ್ಗಮೂಲ 34ರಿಂದ 99ರೊಳಗೆ ಇರಲೇಬೇಕೆಂದು ಕಂಡುಕೊಂಡು, ನಾನು ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಅರವತ್ತಾರು ಗುಣಾಕಾರಗಳಿಗೆ ಕೈಹಾಕಿದೆ. ಮರುದಿನ ಸಂಜೆಗೆ ಮುಟ್ಟಿದ್ದು 51ರವರೆಗೆ.

ಮಾಸ್ತರರು ಆ ಬಿಲ್ಲುಗಳನ್ನು ಒಂದೊಂದಾಗಿ ಓದಿ, ತಪ್ಪಿಲ್ಲವೆಂದು ಹೇಳಿ, ಆಮೇಲೆ ಹಲಗೆಯ ಕಡೆ ತಿರುಗಿದರು. 3300, 55 ಎರಡೂ ಹನ್ನೊಂದರಿಂದ ಭಾಗವಾಗುವುದರಿಂದ 3355 ಕೂಡ ಭಾಗವಾಗುತ್ತದೆ. ಈ ರೂಪದ ಯಾವ ಸಂಖ್ಯೆಯಾದರೂ ಹಾಗೆಯೇ. ಹನ್ನೊಂದು ಅವಿಭಾಜ್ಯ ಸಂಖ್ಯೆ. ಪೂರ್ಣ ವರ್ಗದಲ್ಲಿ ಪ್ರತಿ ಅವಿಭಾಜ್ಯ ಅಪವರ್ತನವೂ ಜೋಡಿಯಾಗಿಯೇ ಬರಬೇಕಾದ್ದರಿಂದ, ವರ್ಗಮೂಲದೊಳಗೂ ಹನ್ನೊಂದು ಇರಲೇಬೇಕು. ಅಲ್ಲಿಗೆ ಉಳಿದದ್ದು 44, 55, 66, 77, 88, 99, ಈ ಆರೇ ಆರು. ಒಂದೂ ಗುಣಾಕಾರ ಮಾಡದೆ ಅರವತ್ತು ಸಂಖ್ಯೆಗಳು ಬಿದ್ದುಹೋದದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಅಂಥ ಸಂತೋಷ ಆ ವಯಸ್ಸಿನಲ್ಲಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

1936, 3025, 4356, 5929 ಎಂದು ಬರೆಯುತ್ತ ಬಂದ ಸೀಮೆಸುಣ್ಣ 7744 ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ “ಸಿಕ್ಕಿತು ಸರ್!” ಎಂಬ ಕೂಗು ಬಂತು. ಮಾಸ್ತರರು ತಲೆಯಾಡಿಸಿದರೂ ಕೈ ನಿಲ್ಲಿಸಲಿಲ್ಲ. “ಇನ್ನೊಂದನ್ನೂ ನೋಡದೆ ಉತ್ತರ ಇದೊಂದೇ ಎನ್ನುವ ಹಾಗಿಲ್ಲ” ಎನ್ನುತ್ತ, 99ನ್ನು 99ರಿಂದ ಗುಣಿಸಿ, ಕೆಳಗೆ 9801 ಎಂದು ಬರೆದರು.